ಗೋಳು, ಮೊರೆ, ಹಕ್ಕೊತ್ತಾಯ

ಇಂಗ್ಲಿಷಿನಲ್ಲಿ ‘ಸ್ನಿವೆಲ್’ ಎಂಬ ಮಾತೊಂದಿದೆ. ಕಣ್ಣೀರು ಹಾಕುತ್ತ, ಮೂಗೆಳೆಯುತ್ತ, ಒಂದೇ ರಾಗದಲ್ಲಿ ತನ್ನ ಕಷ್ಟ ತೋಡಿಕೊಳ್ಳುವುದಕ್ಕೆ ಆ ಹೆಸರು. ತನ್ನ ಅಳುವಿಗೆ ತಾನೇ ಆ ಹೆಸರಿಟ್ಟುಕೊಂಡವರು ಅಪರೂಪ. ಅಳುವವರನ್ನು ಕಂಡು ಮುಖ ಸಿಂಡರಿಸುವವರ ಬಾಯಲ್ಲೇ ಅದು ಹೆಚ್ಚಾಗಿ ಬರುತ್ತದೆ. ಈ ಹೇಸಿಗೆ ಪದದ ಹುಟ್ಟಿನಲ್ಲೇ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಮೂಗು ಸೋರುವುದು ಎಂದಷ್ಟೇ ಅರ್ಥವಿತ್ತು. ಸಿಂಬಳದ ಹೆಸರು ಶತಮಾನಗಳ ನಂತರ ಅಳುವಿಗೆ ಅಂಟಿಕೊಂಡಿತು. ಆ ಭಾಷೆಯಲ್ಲಿ ಗೊರಕೆ, ಸೀನು, ಮೂಸುವುದು, ಮೂತಿ ಇವಕ್ಕೆಲ್ಲ ಇರುವ ಮಾತುಗಳು ಇದೇ ‘ಸ್ನ್’ ಸದ್ದಿನಿಂದ ಶುರುವಾಗುತ್ತವೆ. ನಮ್ಮಲ್ಲಿ ಮೂಗು, ಮೂತಿ, ಮುಸುಡಿ, ಮೂಸು, ಮುಲುಗು, ಮುಸುಮುಸು ಎಂಬ ಮಾತುಗಳು ‘ಮು’ಕಾರದ ಸುತ್ತ ಕೂಡಿಕೊಂಡಿರುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಇವೆಲ್ಲ ಒಂದೇ ಬೇರಿನವು ಎಂದು ಹೇಳಲು ಹೊರಟಿಲ್ಲ. ಆದರೆ ಮೂಗಿನ ಕೆಲಸಗಳಿಗೆ ಮೂಗಿನ ಸದ್ದನ್ನೇ ಆರಿಸಿಕೊಳ್ಳುವ ಒಲವು ಎರಡೂ ಭಾಷೆಗಳಲ್ಲಿ ಕಾಣುತ್ತದೆ.

ಮಂಡ್ಯ ಜಿಲ್ಲೆಯ ಶೀಳನೆರೆ, ಕಿಕ್ಕೇರಿ, ಪಾಂಡವಪುರ, ನಾಗಮಂಗಲದ ಕಡೆಯ ಆಡುಮಾತಿನಲ್ಲಿ ಇಂಥ ಅಳುವಿಗೆ ಹೆಸರುಗಳ ಬಡತನವಿಲ್ಲ. ಮೂಗಿನಲ್ಲಿ ಅಳುವುದು, ರಾಗ ಎಳೆಯುವುದು, ಗೊಳೋ ಅನ್ನುವುದು, ಮುಸುಮುಸು ಅನ್ನುವುದು ಎಲ್ಲ ಬೇರೆ ಬೇರೆ. ಅಳುಬುರುಕ ಎಂಬುದು ಅಂಜುಬುರುಕನ ಅಣ್ಣತಮ್ಮ. ಇವೆಲ್ಲಕ್ಕಿಂತ ದೊಡ್ಡ ಮಾತು ಗೋಳು. ಹಳ್ಳಿಯ ಬಾಯಲ್ಲಿ ಅದು ಗ್ವಾಳು. ಈ ಒಂದೇ ಪದ ಎರಡು ಕಡೆಗೆ ವಾಲುತ್ತದೆ. ‘ಅವರ ಗೋಳು ನೋಡೋಕಾಗಲ್ಲ’ ಎಂದಾಗ ಹೇಳುವವರ ಕರುಳು ಮಿಡಿದಿರುತ್ತದೆ. ‘ಅವಂದು ದಿನಾ ಇದ್ದದ್ದೇ ಗೋಳು’ ಎಂದಾಗ ಬಾಗಿಲು ಮುಚ್ಚಿರುತ್ತದೆ. ‘ಗೋಳು ಹೊಯ್ದುಕೊಳ್ಳುವುದು’ ಎಂದರಂತೂ ಅಳುವವರ ಕಷ್ಟವೇ ಮಾಯವಾಗಿ, ಕೇಳುವವರಿಗೆ ಕೊಡುವ ಕಾಟ ಎಂಬ ಅರ್ಥ ಬಂದುಬಿಡುತ್ತದೆ. ಅಳು ಅದೇ, ಅಳುವವರೂ ಅವರೇ. ಬದಲಾದದ್ದು ಕೇಳುವವರ ಮನಸ್ಸು. ಅಳುವಿನ ಪದಗಳ ಚರಿತ್ರೆಯನ್ನು ನೋಡುತ್ತ ಹೋದರೆ ಇದೇ ಅದರ ಮುಖ್ಯ ನಿಯಮ ಎಂದು ನನಗೆ ತೋರುತ್ತದೆ. ಕೇಳಲು ಒಂದು ಪೀಠವಿದ್ದ ಕಡೆ ಅಳುವಿನ ಪದ ನ್ಯಾಯದ ಪದವಾಗಿ ಮೇಲೇರಿದೆ. ಕೇಳುವವರಿಲ್ಲದ ಕಡೆ ಅದೇ ಪದ ಬೈಗುಳವಾಗಿ ಕೆಳಗಿಳಿದಿದೆ.

ಮೊದಲು ಇಂಗ್ಲಿಷಿನ ಸಾಕ್ಷಿಯನ್ನೇ ನೋಡೋಣ. ಅಲ್ಲಿ ಗೊಣಗಾಟಕ್ಕಿರುವ ‘ವೈನ್’ ಎಂಬ ಪದ ಹಿಂದೆ ಗಾಳಿಯನ್ನು ಸೀಳಿಕೊಂಡು ಹೋಗುವ ಬಾಣದ ಸುಯ್ಯೆಂಬ ಸದ್ದನ್ನು ಹೇಳುತ್ತಿತ್ತು. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ, ಆಮೇಲೆ ಸೇರಿಕೊಂಡಿತು. ಅತಿಯಾದ ಕಣ್ಣೀರಿನ ಭಾವುಕತೆಗೆ ಹೇಳುವ ‘ಮಾಡ್ಲಿನ್’ ಎಂಬ ಪದವಂತೂ ಬೈಬಲಿನ ಮೇರಿ ಮ್ಯಾಗ್ಡಲೀನಳ ಹೆಸರು. ಚಿತ್ರಕಾರರು ಆಕೆಯನ್ನು ಪಶ್ಚಾತ್ತಾಪದಿಂದ ಕಣ್ಣೀರಿಡುವಂತೆ ಮತ್ತೆ ಮತ್ತೆ ಬರೆದರು. ಪೂಜ್ಯಳಾದ ಒಬ್ಬಾಕೆಯ ಪವಿತ್ರವಾದ ಅಳು ಕಾಲಕ್ರಮದಲ್ಲಿ ಕುಡಿದು ಅಳುವವರನ್ನು ಹಂಗಿಸುವ ಮಾತಾಯಿತು. ಇವು ಕೆಳಗಿಳಿದ ಪದಗಳು. ಇನ್ನೊಂದು ದಾರಿ ಹಿಡಿದ ಪದವೂ ಅದೇ ಭಾಷೆಯಲ್ಲಿದೆ. ಲ್ಯಾಟಿನ್ನಿನ ‘ಪ್ಲಾಂಗೆರೆ’ ಎಂದರೆ ಎದೆ ಬಡಿದುಕೊಂಡು ಅಳುವುದು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ನ್ಯಾಯಾಲಯದ ‘ಪ್ಲೇಂಟ್’ ಆಯಿತು, ‘ಕಂಪ್ಲೇಂಟ್’ ಆಯಿತು, ದಾವೆ ಹೂಡಿದವರಿಗೆ ‘ಪ್ಲೇಂಟಿಫ್’ ಎಂಬ ಹೆಸರಾಯಿತು. ಶೋಕದ ದನಿಗೆ ಹೇಳುವ ‘ಪ್ಲೇಂಟಿವ್’ ಮತ್ತು ಈ ಪ್ಲೇಂಟಿಫ್ ಮೂಲದಲ್ಲಿ ಒಂದೇ ಪದ. ಇವತ್ತು ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಜಮೀನಿನ ದಾವೆ ಹಾಕುವ ರೈತ ತನಗೆ ಗೊತ್ತಿಲ್ಲದೆ ಎದೆ ಬಡಿದುಕೊಂಡು ಅಳುವವನ ಹೆಸರನ್ನೇ ಹೊತ್ತು ನಿಂತಿರುತ್ತಾನೆ. ಆದರೆ ಅಲ್ಲಿ ಯಾರೂ ಅವನನ್ನು ಅಳುಬುರುಕ ಎನ್ನುವುದಿಲ್ಲ. ಅವನ ಮಾತನ್ನು ಬರೆದುಕೊಳ್ಳಲು ಒಬ್ಬ ಗುಮಾಸ್ತ, ಕೇಳಲು ಒಬ್ಬ ನ್ಯಾಯಾಧೀಶ ಇದ್ದಾರೆ.

ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುತ್ತದೆ. ಮೊರೆ ಎಂಬುದು ಮೊದಲಿಗೆ ಬರಿಯ ಸದ್ದು. ದುಂಬಿಯ ಝೇಂಕಾರವೂ ಮೊರೆ, ಕಡಲಿನ ಭೋರ್ಗರೆತವೂ ಮೊರೆ. ಅದೇ ಸದ್ದು ಸಂಕಟದ ಕೂಗಾಯಿತು, ದೇವರ ಮುಂದಿನ ಪ್ರಾರ್ಥನೆಯಾಯಿತು. ಈಗ ‘ಹೈಕೋರ್ಟ್ ಮೊರೆ ಹೋದ ಗ್ರಾಮಸ್ಥರು’ ಎಂದು ಪತ್ರಿಕೆಯಲ್ಲಿ ಓದುವಾಗ ಆ ಮಾತಿನಲ್ಲಿ ಕಣ್ಣೀರಿನ ಪಸೆ ಕೂಡ ಉಳಿದಿಲ್ಲ. ದೂರು ಎಂಬುದರ ಏರಿಕೆ ಇನ್ನೂ ದೊಡ್ಡದು. ಹಳಗನ್ನಡದಲ್ಲಿ ದೂಱು ಎಂದರೆ ನಿಂದಿಸುವುದು, ತಪ್ಪು ಹೊರಿಸುವುದು, ಚಾಡಿ ಹೇಳುವುದು. ಇವತ್ತಿಗೂ ‘ಸೊಸೆಯನ್ನು ದೂರುತ್ತಾಳೆ’ ಎಂದರೆ ಒಳ್ಳೆಯ ಅರ್ಥವಿಲ್ಲ. ಆದರೆ ಪೊಲೀಸ್ ಠಾಣೆಯಲ್ಲಿ ದಾಖಲಾದ ದೂರಿಗೆ ಸಂಖ್ಯೆ ಇದೆ, ತಾರೀಖು ಇದೆ, ಮೊಹರು ಇದೆ. ಆಡಳಿತದ ಜೊತೆಗೆ ಪಾರಸಿಯಿಂದ ಬಂದ ಫಿರ್ಯಾದು ಕೂಡ ಇದೇ ಜಾತಿಯದು. ಆ ಭಾಷೆಯಲ್ಲಿ ‘ಫರ್ಯಾದ್’ ಎಂದರೆ ಸಹಾಯಕ್ಕಾಗಿ ಕೂಗುವುದು, ಗೋಳಿಡುವುದು. ಅಹವಾಲು ಅರಬ್ಬಿಯ ‘ಅಹ್ವಾಲ್’, ಅಂದರೆ ಸ್ಥಿತಿಗತಿಗಳು. ಅದು ಅಳುವಿನ ಪದವಲ್ಲ. ಆದರೂ ಕನ್ನಡದ ಹಳ್ಳಿಗಳಲ್ಲಿ ಗೋಳಿಗೆ ಮರ್ಯಾದೆಯ ಅಂಗಿ ತೊಡಿಸಿದ್ದು ಅದೇ ಪದ.

ಕೆಳಗಿಳಿದವೂ ಇವೆ. ಹಳಗನ್ನಡದ ಪುಯ್ಯಲ್ ಎಂದರೆ ಆಪತ್ತಿನ ಕೂಗು, ನೆರವಿಗೆ ಕರೆಯುವ ಬೊಬ್ಬೆ. ಕಳ್ಳರು ದನಗಳನ್ನು ಹೊಡೆದುಕೊಂಡು ಹೋಗುವಾಗ ಅಂಥ ಕೂಗಿಗೆ ಊರು ಎದ್ದು ಬರಬೇಕಿತ್ತು. ಹಾಗೆ ತುರು ಕಾಯಲು ಹೋಗಿ ಮಡಿದವರ ವೀರಗಲ್ಲುಗಳು ಮಂಡ್ಯ ಸೀಮೆಯ ಹೊಲಗದ್ದೆಗಳ ಅಂಚಿನಲ್ಲಿ ಇಂದಿಗೂ ನಿಂತಿವೆ. ಆ ಕೂಗಿಗೆ ಓಗೊಡುವುದು ಪ್ರಾಣಕ್ಕಿಂತ ದೊಡ್ಡ ಕರ್ತವ್ಯವಾಗಿತ್ತು. ಪಕಾರ ಹಕಾರವಾಗಿ ಪುಯ್ಯಲ್ ಹುಯ್ಯಲಾಯಿತು, ಹುಯಿಲಾಯಿತು. ಇಂದು ‘ಸುಮ್ಮನೆ ಹುಯಿಲೆಬ್ಬಿಸುತ್ತಾರೆ’ ಎಂದರೆ ಇಲ್ಲದ್ದನ್ನು ದೊಡ್ಡದು ಮಾಡುತ್ತಾರೆ ಎಂದರ್ಥ. ಕೂಗಿದರೆ ಓಡಿಬರುವ ಊರಿನ ಏರ್ಪಾಡು ಹೋಯಿತು, ಅದರ ಹಿಂದೆಯೇ ಕೂಗಿನ ಬೆಲೆಯೂ ಹೋಯಿತು. ಪಲುಂಬು ಎಂಬ ಪದ ಹಲುಬು ಎಂದಾದ ಕಥೆಯೂ ಇಂಥದ್ದೇ. ತಮಿಳಿನ ಪುಲಂಬು ಇದರ ಒಡಹುಟ್ಟು. ಭಕ್ತ ದೇವರಿಗಾಗಿ, ವಿರಹಿ ನಲ್ಲನಿಗಾಗಿ ಹಲುಬಿದರೆ ಅದು ಕಾವ್ಯ. ಪಿಂಚಣಿ ನಿಂತುಹೋದ ಅಜ್ಜಿ ಕಚೇರಿಯಲ್ಲಿ ಹಲುಬಿದರೆ ಕಿರಿಕಿರಿ.

ಈ ವಾದಕ್ಕೆ ಹಳೆಯ ಮೈಸೂರು ಸಂಸ್ಥಾನದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಮರಳಿಸಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ರೈತರು, ವರ್ತಕರು ಮೈಸೂರಿಗೆ ಬಂದು ತಮ್ಮ ಸೀಮೆಯ ಕೊರತೆಗಳನ್ನು ದಿವಾನರೆದುರು ಹೇಳಬಹುದಾಗಿತ್ತು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಬಂದವರು ಬಡ ಒಕ್ಕಲುಗಳಲ್ಲ, ಕಂದಾಯ ಕಟ್ಟುವ ಸ್ಥಿತಿವಂತರು. ಹೆಂಗಸರ, ಕೂಲಿಯವರ, ಅಸ್ಪೃಶ್ಯರೆನಿಸಿಕೊಂಡವರ ದನಿ ಅಲ್ಲಿಗೆ ತಲುಪಲು ಬಹಳ ಕಾಲ ಹಿಡಿಯಿತು. ಇಷ್ಟೆಲ್ಲ ಕುಂದಿದ್ದರೂ ಕೆರೆಯ ತೂಬು ಒಡೆದದ್ದು, ಕಂದಾಯ ಹೆಚ್ಚಾದದ್ದು ಊರಕಟ್ಟೆಯ ಗೊಣಗಾಟವಾಗಿ ಕೊನೆಗೊಳ್ಳದೆ ಸರ್ಕಾರದ ಉತ್ತರವನ್ನು ಬೇಡುವ ವಿಷಯವಾಯಿತು. ಅಹವಾಲು ಎಂಬ ಪದಕ್ಕೆ ನಮ್ಮ ಸೀಮೆಯಲ್ಲಿರುವ ತೂಕದಲ್ಲಿ ಆ ವಾರ್ಷಿಕ ಸಭೆಗಳ ಪಾಲೂ ಇದೆ ಎಂಬುದು ನನ್ನ ನಂಬಿಕೆ. ಹೇಳಿದ್ದು ಎಲ್ಲೋ ದಾಖಲಾಗುತ್ತದೆ ಎಂಬ ಭರವಸೆ ಹುಟ್ಟಿದೊಡನೆ ಹೇಳುವವರ ದನಿ ಬದಲಾಗುತ್ತದೆ, ಕೇಳುವವರು ಅದಕ್ಕೆ ಇಡುವ ಹೆಸರೂ ಬದಲಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನೇರವಾದದ್ದು. ಸುಳ್ಳು ಅಳು ಎಂಬುದೂ ಲೋಕದಲ್ಲಿ ಉಂಟಲ್ಲ? ಅದನ್ನು ಗುರುತಿಸಲು ಕಟುವಾದ ಪದಗಳು ಬೇಡವೇ? ಖಂಡಿತ ಬೇಕು. ಮೊಸಳೆ ಕಣ್ಣೀರು ಎಂಬ ಮಾತು ಸುಮ್ಮನೆ ಉಳಿದಿಲ್ಲ. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳಂತೆ ಎನ್ನುವ ಗಾದೆ, ಅತ್ತು ಕರೆದು ಔತಣ ಹೇಳಿಸಿಕೊಂಡರು ಎನ್ನುವ ಗಾದೆ ನಮ್ಮ ಹಿರಿಯರ ಕಣ್ಣು ಎಷ್ಟು ಚುರುಕಾಗಿತ್ತು ಎಂದು ತೋರಿಸುತ್ತವೆ. ಆದರೆ ಈ ಗಾದೆಗಳನ್ನು ಸೂಕ್ಷ್ಮವಾಗಿ ನೋಡಬೇಕು. ಅವು ಅಳುವನ್ನು ಅಳೆಯುವುದು ಹೊತ್ತಿನಿಂದ, ಉದ್ದೇಶದಿಂದ. ಆರು ತಿಂಗಳು ತಡವಾಯಿತು, ಔತಣಕ್ಕಾಗಿ ನಡೆಯಿತು ಎಂಬ ಕಾರಣ ಕೊಟ್ಟು ತೀರ್ಪು ಹೇಳುತ್ತವೆ. ಅಳುಬುರುಕ, ಮೂಗಿನಲ್ಲಿ ಅಳುವವನು ಎಂಬ ಮಾತುಗಳಲ್ಲಿ ಅಂಥ ಕಾರಣವೇ ಇಲ್ಲ. ಅಳು ನಿಜವೋ ಸುಳ್ಳೋ ಎಂದು ಅವು ವಿಚಾರಿಸುವುದಿಲ್ಲ, ಸದ್ದು ಕೇಳಿದೊಡನೆ ಶಿಕ್ಷೆ ಕೊಡುತ್ತವೆ. ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಗಾದೆ ಇನ್ನೂ ಪ್ರಾಮಾಣಿಕವಾದದ್ದು. ಸಾಯುವವರು ನಟಿಸುತ್ತಿದ್ದಾರೆ ಎಂದು ಅದು ಹೇಳುವುದಿಲ್ಲ. ದಿನವೂ ಸಾಯುತ್ತಿರುವುದು ನಿಜ, ಕೇಳುವವರಿಗೆ ಸಾಕಾಗಿದೆ ಎಂದು ಒಪ್ಪಿಕೊಳ್ಳುತ್ತದೆ. ತಿರಸ್ಕಾರದ ಬೇರು ಕೇಳುವವರ ದಣಿವಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಎರಡನೆಯ ಆಕ್ಷೇಪ ದೇಹದ ಕಡೆಯಿಂದ ಬರುತ್ತದೆ. ಎಳೆದ ರಾಗದ ಅಳು ಕಿವಿಗೆ ಕರ್ಕಶ. ಅದನ್ನು ಯಾರೂ ಸಹಿಸಲಾರರು. ಇದರಲ್ಲಿ ಪೀಠ, ನ್ಯಾಯ ಎಂದೆಲ್ಲ ಹುಡುಕುವುದು ಏಕೆ ಎಂಬ ಪ್ರಶ್ನೆ. ಕರ್ಕಶ ಎಂಬುದು ನಿಜ. ಅಮೆರಿಕದ ಮನೋವಿಜ್ಞಾನಿಗಳಾದ ರೋಸ್‌ಮರಿ ಸೊಕೊಲ್ ಚಾಂಗ್ ಮತ್ತು ನಿಕೋಲಸ್ ಥಾಂಪ್ಸನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ವ್ಯವಕಲನದ ಲೆಕ್ಕ ಮಾಡಲು ಕೊಟ್ಟು, ಹಿನ್ನೆಲೆಯಲ್ಲಿ ಬಗೆಬಗೆಯ ದನಿಗಳನ್ನು ಕೇಳಿಸಿದರು. ಮಕ್ಕಳು ರಾಗ ಎಳೆಯುವ ದನಿ ಗಮನವನ್ನು ಬಹಳವಾಗಿ ಕದಡಿತು. ಆದರೆ ಇದು ನನ್ನ ವಾದಕ್ಕೇ ಬಲ ಕೊಡುತ್ತದೆ. ಆ ದನಿ ಇರುವುದೇ ಕೇಳುವವರು ಕಿವಿ ಮುಚ್ಚಿ ಕೂರದಿರಲಿ ಎಂದು. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂದು ನಮ್ಮವರು ಹೇಳಿದ್ದು ಇದನ್ನೇ. ದನಿ ಕಿವಿಯನ್ನು ಚುಚ್ಚಿತು ಎಂದರೆ ಅದು ತನ್ನ ಕೆಲಸ ಮಾಡಿತು ಎಂದರ್ಥ. ಚುಚ್ಚಿದ್ದಕ್ಕೆ ಎದ್ದು ಹೋಗಿ ಏನಾಯಿತು ಎಂದು ಕೇಳಬಹುದು, ಅಥವಾ ಚುಚ್ಚಿದವರಿಗೆ ಹೆಸರಿಟ್ಟು ಕೂರಬಹುದು. ಈ ಆಯ್ಕೆ ಸ್ವಭಾವಕ್ಕೆ ಸೇರಿದ್ದಲ್ಲ, ನಡತೆಗೆ ಸೇರಿದ್ದು. ಮೊರೆ, ಫಿರ್ಯಾದು, ಪ್ಲೇಂಟ್ ಇವೂ ಹುಟ್ಟಿದ್ದು ಕಿವಿಗೆ ಹಿತವಲ್ಲದ ಸದ್ದುಗಳಿಂದಲೇ. ಸದ್ದು ಪದದ ಹುಟ್ಟನ್ನು ವಿವರಿಸಬಲ್ಲದು, ಅದರ ಹಣೆಬರಹವನ್ನು ವಿವರಿಸಲಾರದು.

ಗಂಡಸು ಅಳಬಾರದು ಎಂಬ ನೀತಿಯೂ ಈ ಬೈಗುಳಗಳಿಗೆ ಬಲ ಕೊಟ್ಟಿದೆ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಆದರೆ ಕನ್ನಡದ ಹಿರಿಯ ಕಾವ್ಯ ಈ ನೀತಿಯನ್ನು ಒಪ್ಪಿಲ್ಲ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದಲ್ಲಿ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಒಬ್ಬೊಬ್ಬರಿಗಾಗಿ ಶೋಕಿಸುತ್ತಾನೆ. ಆ ಶೋಕದಿಂದ ಅವನು ಚಿಕ್ಕವನಾಗುವುದಿಲ್ಲ. ಓದುಗರ ಕಣ್ಣಲ್ಲಿ ಮೊದಲ ಬಾರಿಗೆ ದೊಡ್ಡವನಾಗುತ್ತಾನೆ. ಆ ಕಾವ್ಯವನ್ನು ರಂಗಕ್ಕೆ ತಂದವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯನವರು. ಅವರೇ 1929ರಲ್ಲಿ ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಎಂಬುದಾಗಿ ಕನ್ನಡಕ್ಕೆ ಒಗ್ಗಿಸಿದರು. ಮೂಲದ ಗ್ರೀಕ್ ನಾಟಕದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಒಂದು ಸಂದರ್ಭವಿದೆ. ಗೋಳಾಡುವುದು ಹೇಡಿಗಳ, ಕುಗ್ಗಿದ ಮನಸ್ಸಿನವರ ಲಕ್ಷಣ ಎಂದು ಏಜಾಕ್ಸ್ ಯಾವಾಗಲೂ ಹೇಳುತ್ತಿದ್ದ. ನೋವಾದರೆ ಗೂಳಿಯಂತೆ ತಗ್ಗಿದ ದನಿಯಲ್ಲಿ ನರಳುತ್ತಿದ್ದನೇ ಹೊರತು ಕೂಗುತ್ತಿರಲಿಲ್ಲ ಎಂದು ಅವನ ಜೊತೆಗಾತಿ ಟೆಕ್ಮೆಸ್ಸಾ ನೆನೆಯುತ್ತಾಳೆ. ಅಂಥವನು ಅವಮಾನಕ್ಕೆ ಸಿಕ್ಕಾಗ ಹಿಂದೆಂದೂ ಕೇಳದ ದನಿಯಲ್ಲಿ ಗೋಳಿಡುತ್ತಾನೆ, ಕೊನೆಗೆ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಅಳುವನ್ನು ಹೀಗಳೆದ ವೀರನಿಗೆ ತನ್ನ ಸಂಕಟವನ್ನು ಇನ್ನೊಬ್ಬರ ಮುಂದಿಟ್ಟು ಬದುಕುವ ದಾರಿಯೇ ಉಳಿಯಲಿಲ್ಲ. ರೈತರ ಆತ್ಮಹತ್ಯೆಯ ಸುದ್ದಿಯನ್ನು ಎಷ್ಟೋ ಸಲ ಕಂಡ ಮಂಡ್ಯ ಜಿಲ್ಲೆಯಲ್ಲಿ ಕೂತು ಈ ಮಾತನ್ನು ಓದುವಾಗ ಅದು ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಸಿನದು ಎಂದು ಅನ್ನಿಸುವುದಿಲ್ಲ. ಸಾಲದ ಹೊರೆಯನ್ನು ಹೆಂಡತಿಗೂ ಹೇಳದೆ ಒಳಗೇ ಇಟ್ಟುಕೊಳ್ಳುವ ಗಂಡಸಿಗೆ ಗೋಳಾಡಬೇಡ ಎಂದು ಕಲಿಸಿದವರು ನಾವೇ ತಾನೆ.

ಹೆಂಗಸರಿಗೆ ಈ ಸೀಮೆಯಲ್ಲಿ ಬೇರೊಂದು ಏರ್ಪಾಡು ಇತ್ತು, ಅಲ್ಲಲ್ಲಿ ಈಗಲೂ ಇದೆ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದು. ಸತ್ತವರ ಗುಣ, ಅವರು ಮಾಡಿದ ಉಪಕಾರ, ತನ್ನನ್ನು ಬಿಟ್ಟುಹೋದ ಅನ್ಯಾಯ ಎಲ್ಲ ರಾಗದಲ್ಲಿ ಬರುತ್ತವೆ. ಅದರ ನಡುವೆ ಬದುಕಿರುವ ಬಂಧುಗಳ ಮೇಲಿನ ಆಕ್ಷೇಪವೂ ನುಸುಳುತ್ತದೆ. ಬೇರೆ ದಿನ ಬಾಯಿ ಬಿಡಲಾಗದ ಸೊಸೆ ಆ ಹೊತ್ತು ಊರ ಮುಂದೆ ಹೇಳಬಹುದು, ಯಾರೂ ತಡೆಯುವಂತಿಲ್ಲ. ಸುತ್ತ ಕೂತವರು ಕೇಳುತ್ತಾರೆ, ದನಿಗೂಡಿಸುತ್ತಾರೆ. ಅಲ್ಲಿ ರಾಗ ಎಳೆಯುವುದು ಒಂದು ಕೌಶಲ, ಕೇಳುವುದು ಒಂದು ಧರ್ಮ. ಆ ವೃತ್ತವನ್ನು ಬಿಟ್ಟು ಹೊರಗೆ ಬಂದ ಕೂಡಲೇ ‘ರಾಗ ಎಳೀಬೇಡ’ ಎಂಬುದು ಗದರಿಕೆಯಾಗುತ್ತದೆ. ರಾಗ ಅದೇ, ಕೇಳುವವರ ವೃತ್ತ ಇಲ್ಲ, ಅಷ್ಟೇ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಕಷ್ಟದ್ದಾಗಿ ಕಾಣುತ್ತದೆ. ಅಹವಾಲು ಸ್ವೀಕರಿಸುವ ಪೀಠವೇ ಬರಿಯ ತೋರಿಕೆಯಾದರೆ? ಜನಸ್ಪಂದನ ಸಭೆಯಲ್ಲಿ ಅರ್ಜಿ ಕೊಟ್ಟು ಬಂದವರು ಮರುವರ್ಷ ಅದೇ ಅರ್ಜಿ ಹಿಡಿದು ನಿಂತಿರುವುದನ್ನು ಯಾರು ಕಂಡಿಲ್ಲ? ಹೌದು, ಪೀಠ ಇದ್ದಮಾತ್ರಕ್ಕೆ ಸಾಲದು. ಅದಕ್ಕೇ ಈ ಸೀಮೆಯ ಜನ ಅಹವಾಲಿಗೇ ನಿಲ್ಲದೆ ಮುಂದೆ ಹೋದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಮಂಡ್ಯ ಜಿಲ್ಲೆ ಗಟ್ಟಿ ನೆಲೆಯಾಯಿತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ಆ ಚಳವಳಿಯಲ್ಲಿ ಬೆಳೆದು, ಶಾಸಕರಾಗಿ, 2018ರಲ್ಲಿ ತೀರಿಕೊಳ್ಳುವವರೆಗೂ ಅದರ ದನಿಯಾಗಿದ್ದರು. ಹಸಿರು ಶಾಲು ಹೊದ್ದವರು ಕಬ್ಬಿನ ಬಾಕಿ, ನಾಲೆಯ ನೀರು, ಬೆಂಬಲ ಬೆಲೆಯ ಮಾತನ್ನು ಬೇಡುವ ದನಿಯಲ್ಲಿ ಆಡಲಿಲ್ಲ. ಸಾಲ ವಸೂಲಿಗೆ ಬರುವವರು ಅಪ್ಪಣೆಯಿಲ್ಲದೆ ಊರೊಳಗೆ ಬರಬಾರದು ಎಂದು ಹಳ್ಳಿಗಳ ಬಾಗಿಲಲ್ಲಿ ಬೋರ್ಡು ನಿಲ್ಲಿಸಿದ ಚಳವಳಿ ಅದು. ಅರ್ಜಿ, ಮನವಿ, ಅಹವಾಲುಗಳ ಜೊತೆಗೆ ಹಕ್ಕೊತ್ತಾಯ ಎಂಬ ಮಾತು ಹಳ್ಳಿಗಾಡಿನಲ್ಲಿ ಬೇರೂರಿದ್ದು ಇಂಥ ಚಳವಳಿಗಳಿಂದ. ಗೋಳು ಕೇಳುವವರ ಕರುಣೆಯನ್ನು ನಂಬುತ್ತದೆ. ಹಕ್ಕೊತ್ತಾಯಕ್ಕೆ ಕರುಣೆ ಬೇಕಿಲ್ಲ, ಉತ್ತರ ಬೇಕು.

ಇಷ್ಟಾದ ಮೇಲೂ ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಿ ‘ರೈತರ ಗೋಳು’, ‘ನೀರಿಗಾಗಿ ಗೋಳು’, ‘ಕೇಳುವವರಿಲ್ಲ ಗೋಳು’ ಎಂಬ ಮಾತು ನಿಂತಿಲ್ಲ. ಬರೆಯುವವರ ಮನಸ್ಸಿನಲ್ಲಿ ಮರುಕವಿದೆ, ಸಂದೇಹವಿಲ್ಲ. ಆದರೆ ಮರುಕಕ್ಕೂ ಬೇಸರಕ್ಕೂ ನಡುವಿನ ಗೋಡೆ ತೆಳುವಾದದ್ದು. ಇವತ್ತು ಗೋಳು ಎಂದು ಮರುಗಿದವರೇ ನಾಳೆ ‘ಇವರದು ಯಾವಾಗಲೂ ಗೋಳು’ ಎಂದು ಪುಟ ತಿರುಗಿಸುತ್ತಾರೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ನಾಲೆಯ ಕೊನೆಯ ಭಾಗದ ಹಳ್ಳಿಯೊಂದಕ್ಕೆ ನೀರು ಬಂದಿಲ್ಲ ಎಂದರೆ ಅದು ಗೋಳಲ್ಲ, ದೂರು. ಯಾರು ಬಿಡಬೇಕಿತ್ತು, ಎಂದು ಬಿಡಬೇಕಿತ್ತು, ಏಕೆ ಬಿಡಲಿಲ್ಲ ಎಂಬ ಪ್ರಶ್ನೆಗಳು ದೂರು ಎಂದ ಕೂಡಲೇ ಏಳುತ್ತವೆ. ಗೋಳು ಎಂದರೆ ಒಂದೂ ಏಳುವುದಿಲ್ಲ.

ಅದೇ ತಾಲ್ಲೂಕಿನ ಶೀಳನೆರೆ ಒಂದು ಹೋಬಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ, ವೃದ್ಧಾಪ್ಯ ವೇತನಕ್ಕೆ ಸುತ್ತಲಿನ ಹಳ್ಳಿಗಳವರು ಮೊದಲು ಹೋಗಬೇಕಾದದ್ದು ಹೋಬಳಿಯ ನಾಡಕಚೇರಿಗೆ. ಪ್ರಜಾಪ್ರತಿನಿಧಿ ಸಭೆಗೆ ಇಲ್ಲದಿದ್ದ ಒಂದು ಬಲ ಇಂದಿನ ಅರ್ಜಿದಾರರಿಗೆ ಇದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಸ್ವೀಕೃತಿ ಸಂಖ್ಯೆ ಸಿಗಬೇಕು, ಗೊತ್ತಾದ ದಿನಗಳೊಳಗೆ ಕೆಲಸ ಆಗಬೇಕು. ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು. ಆದರೆ ಆ ಸಂಖ್ಯೆಯ ಚೀಟಿ ಕೈಯಲ್ಲಿದ್ದವರು ಮೂರನೆಯ ಸಲ ಕಚೇರಿಗೆ ಹೋದಾಗ ಅವರನ್ನು ಗೋಳು ಹೊಯ್ದುಕೊಳ್ಳುವವರು ಎನ್ನಲು ಯಾರಿಗೂ ಅಧಿಕಾರವಿಲ್ಲ. ಹೋಬಳಿಯ ಓದುಗರಲ್ಲಿ ನನ್ನದೊಂದು ಕೇಳಿಕೆ: ಓದುಬರಹ ಬಾರದ ನೆರೆಮನೆಯವರ ಜೊತೆ ಕಚೇರಿಗೆ ಹೋದಾಗ ಅವರ ಪರವಾಗಿ ಬೇಡಿಕೊಳ್ಳಬೇಡಿ. ಆ ಸಂಖ್ಯೆಯನ್ನು ಕೇಳಿ ಬರೆಸಿಕೊಂಡು ಬನ್ನಿ.